ಬೋರ್ಡಿನ ಮೇಲಿನ ಹೆಸರು

ಬಿ.ಎಡ್. ಓದುವಾಗ ಸಮುದಾಯ ಸೇವೆಗೆಂದು ನಮ್ಮನ್ನು ಕೆಲಮಂಗಲದ ಪಕ್ಕದ ಹಳ್ಳಿಗೆ ಕಳಿಸಿದ್ದರು. ಸಂಜೆ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸ ನನ್ನದು. ಕೊನೆಯ ದಿನ, ಗಂಡ ತೀರಿಹೋಗಿದ್ದ ಅಜ್ಜಿಯೊಬ್ಬಳು ಎದ್ದುಬಂದು ಬೋರ್ಡಿನ ಮೇಲೆ ಅವನ ಹೆಸರು ಬರೆದಳು. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಅಲ್ಲಿ ಹೇಳುವ ಪದ್ಧತಿಯಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿಸಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವಳು ಓದಲಿಲ್ಲ. ನಾನೇ ಓದಿದೆ, ಹಾಜರಿ ಕೂಗುವ ದನಿಯಲ್ಲಿ.

ಅಜ್ಜಿ ತಲೆಯ ಮೇಲೆ ಸೆರಗೆಳೆದುಕೊಂಡು, ಬಾಗಿಲಲ್ಲಿ ಕೂತಿದ್ದವರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡಿಸಿದಳು.

“ಕೂಗ್ಬುಟ್ರಲ್ಲ ಟೀಚರಮ್ಮ. ಬತ್ತಾರೆ,” ಅಂದಳು.

ಯಾರೂ ನಗಲಿಲ್ಲ.

ಈಗ ಹೊಸೂರಿನ ಶಾಲೆಯಲ್ಲಿ ನಾನು ಟೀಚರು. ಹಾಜರಿ ಕೂಗುವ ಮೊದಲು ಬಾಗಿಲು ಹಾಕಿಸುತ್ತೇನೆ. ಸೆಕೆಯೆಂದು ಮಕ್ಕಳು ಗೊಣಗುತ್ತಾರೆ. ಗೊಣಗಲಿ.