ಮಾವಶಿ ಹೊತ್ತು ತಿರುಗಿದ ಕಾಗದ

ಆಕೆಯ ತುಟಿ ವರ್ಷವಿಡೀ ಒಡೆದಿರುತ್ತಿತ್ತು. ಮುಂಬೈನ ಜಿಗುಟು ಸೆಕೆಯಲ್ಲಿ ಎಲ್ಲರ ಮೈಯೂ ಬೆವರಿನಲ್ಲಿ ತೊಯ್ದಿರುವಾಗ ಆಕೆಯ ತುಟಿ ಮಾತ್ರ ಒಣಗಿ ಸಿಪ್ಪೆ ಎದ್ದಿರುತ್ತಿತ್ತು. ಒಮ್ಮೆ ಹಚ್ಚಿಕೊಳ್ಳಲು ಮುಲಾಮು ಕೊಟ್ಟಿದ್ದೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಸಿಂದಗಿ ಕಡೆಯವಳು, ಅಕ್ಷರ ಬಾರದು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಅವನು ತೀರಿಕೊಂಡ ಮೇಲೆ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಆರು ಮನೆಗಳ ಕಸಮುಸುರೆ ಹಿಡಿದಿದ್ದಳು. ಎಲ್ಲರಿಗೂ ಆಕೆ ಮಾವಶಿ, ಮರಾಠಿಯ ಚಿಕ್ಕಮ್ಮ. ನಾನು ಧಾರವಾಡದವಳೆಂದು ನನ್ನಲ್ಲಿ ಸಲಿಗೆ ಜಾಸ್ತಿ. ಸೀದ ಪಾತ್ರೆ ತಿಕ್ಕುತ್ತಾ, "ಬಾಯಾರ, ಹಾಲು ಕಾಯಸೂದು ಬ್ಯಾಂಕಿನ್ಯಾಗ ಕಲಸಂಗಿಲ್ಲೇನ್ರಿ?" ಎಂದು ನನ್ನ ನೌಕರಿಯನ್ನೇ ಛೇಡಿಸುವಳು. ಆದರೆ ಚಹಾ ಕೊಟ್ಟರೆ ಮುಟ್ಟಳು. "ಒಲ್ಲೆರಿ, ಪಿತ್ತ ಆಗ್ತದ" ಎನ್ನುವಳು. ಹದಿನಾಲ್ಕು ವರ್ಷ ಆ ಪಿತ್ತವನ್ನು ನಂಬಿದ ಮಹಾ ಜಾಣೆ ನಾನು.

ನಮ್ಮ ಗೇಟಿನೆದುರಿನ ಖಾಲಿ ಜಾಗದಲ್ಲಿ ಹೆಂಗಸರಿಗೆ ಸಾರ್ವಜನಿಕ ಶೌಚಾಲಯ ಕಟ್ಟುತ್ತಾರೆ ಎಂದು ಸುದ್ದಿ ಬಂತು. ಸೊಸೈಟಿಗೆ ಸೊಸೈಟಿಯೇ ಮೈಮೇಲೆ ದೇವರು ಬಂದಂತೆ ಕುಣಿಯಿತು. ವಾಸನೆ ಬರುತ್ತದಂತೆ, ಕಂಡಕಂಡವರು ಬಂದು ನಿಲ್ಲುತ್ತಾರಂತೆ, ಫ್ಲ್ಯಾಟುಗಳ ರೇಟು ಬೀಳುತ್ತದಂತೆ. ಸುಡುಗಾಡು ರೇಟು. ಶೌಚಾಲಯವೇ ಬೇಡ ಎಂದು ಯಾರೂ ಹೇಳಲಿಲ್ಲ. ನಮ್ಮ ಕಣ್ಣೆದುರು ಬೇಡ, ಅಷ್ಟೇ. ಸೆಕ್ರೆಟರಿ ಇಂಗ್ಲಿಷಿನಲ್ಲಿ ತಕರಾರು ಅರ್ಜಿ ಟೈಪು ಮಾಡಿಸಿ, ಹೇಗೂ ಮನೆಮನೆಗೆ ಹೋಗುವವಳಲ್ಲವೇ ಎಂದು ಮಾವಶಿಯ ಕೈಗೇ ಕೊಟ್ಟ. ಆಕೆ ಕಾಗದ ಒದ್ದೆಯಾಗಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಎರಡು ದಿನ ಮೆಟ್ಟಿಲು ಹತ್ತಿ ಇಳಿದು ಎಲ್ಲರ ಸಹಿ ಹಾಕಿಸಿದಳು. ನಾನೂ ಹಾಕಿದೆ. ಓದಿಯೇ ಹಾಕಿದೆ.

ಮರುದಿನ ಪಾತ್ರೆ ತಿಕ್ಕುತ್ತಾ ಕೇಳಿದಳು: "ಆ ಕಾಗದದಾಗ ಏನ್ ಬರದಿತ್ರಿ ಬಾಯಾರ? ನೀರಿಂದೇನು?"

ಹೇಳಿದೆ. ನಲ್ಲಿ ನಿಲ್ಲಿಸಿದಳು.

"ಮುಂಜಾನಿ ಆರಕ್ಕ ಮನಿ ಬಿಟ್ರ ಸಂಜಿ ನಾಕರ ತನಕ ನಾ ಹನಿ ನೀರು ಕುಡಿಯಂಗಿಲ್ರಿ. ಕುಡದ್ರ ಎಲ್ಲಿ ಹೋಗ್ಲಿ? ಆರು ಮನಿ ಪಾಯಖಾನಿ ತೊಳೀತೀನಿ, ಒಂದರಾಗೂ ಹೋಗು ಅಂದವ್ರಿಲ್ಲ. ಇದು ಆಗ್ತದಂತ ನಾವು ಹೆಣಮಕ್ಕಳು ದಾರಿ ಕಾಯಾಕತ್ತಿದ್ವಿ. ಬ್ಯಾಡಂತ ನನ್ನ ಕೈಲೇ ಕಳಿಸಿದ್ರಲ್ರಿ."

ನನ್ನ ಮುಖದ ಮೇಲೆ ಯಾರೋ ಉಗುಳಿದಂತಾಯಿತು. "ನಮ್ಮನ್ಯಾಗ ಹೋಗ್ಬೇಕಿತ್ತಲ್ಲ?" ಎಂದೆ.

"ನೀವು ಹೇಳ್ಬೇಕಿತ್ರಿ" ಎಂದಳು.

ಅರ್ಧ ಪಾತ್ರೆ ಅಲ್ಲೇ ಬಿಟ್ಟು ಸೆಕ್ರೆಟರಿಯ ಮನೆಗೆ ಇಳಿದಳು. ನಾನೂ ಹಿಂದೆ ಹೋದೆ. "ಮೈ ಲಾಯಾ ನಾ, ಮೇರೆಕೋ ವಾಪಸ್ ದೋ" ಎಂದು, ತಾನು ತಂದದ್ದನ್ನು ತನಗೇ ವಾಪಸ್ ಕೊಡಲು ಕೈ ಚಾಚಿದಳು. ಅವನು ನಕ್ಕ. ಅರ್ಜಿ ಆಗಲೇ ವಾರ್ಡ್ ಆಫೀಸು ಸೇರಿತ್ತು. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಆಕೆ ಅಂದೇ ಅವನ ಮನೆಯ ಕೆಲಸ ಬಿಟ್ಟಳು. ನನ್ನ ಮನೆಯದನ್ನು ಬಿಡಲಿಲ್ಲ, ಬಿಟ್ಟಿದ್ದರೂ ತಪ್ಪಿರಲಿಲ್ಲ.

ಯೋಜನೆ ನಿಂತುಹೋಯಿತು. ಆ ಜಾಗದಲ್ಲಿ ಈಗ ನಮ್ಮವರ ಕಾರುಗಳು ನಿಲ್ಲುತ್ತವೆ. ಎರಡು ವರ್ಷದ ಮೇಲೆ ಮಾವಶಿ ಮೂತ್ರಪಿಂಡ ಕೆಟ್ಟು ಪರೇಲಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಬಹಳ ವರ್ಷ ನೀರು ಕಡಿಮೆ ಕುಡಿದಿದ್ದಾರೆಯೇ ಎಂದು ಡಾಕ್ಟರು ಕೇಳಿದಾಗ ಹೌದು ಎಂದೆ.

ಹದಿಮೂರನೆಯ ದಿನ ಕಳೆದ ಮೇಲೆ, ನನ್ನ ತಕರಾರು ವಾಪಸ್ ಪಡೆಯುತ್ತೇನೆಂದು ಬರೆದುಕೊಂಡು ವಾರ್ಡ್ ಆಫೀಸಿಗೆ ಹೋದೆ. ಗುಮಾಸ್ತ ಫೈಲು ಹುಡುಕಿ ನನ್ನ ಮುಂದಿಟ್ಟ. "ಇದರಲ್ಲಿ ನಿಮ್ಮ ಸಹಿ ಯಾವುದು?" ಎಂದು ಕೇಳಿದ. ಹುಡುಕಬೇಕಾಗಲಿಲ್ಲ. ಪುಟದ ತುಂಬ ಇದ್ದ ಸಹಿಗಳಲ್ಲಿ ಕನ್ನಡದಲ್ಲಿದ್ದದ್ದು ನನ್ನದೊಂದೇ.