ಟೇಪು ಕಪ್ಪಾಗಿರಲಿಲ್ಲ

ಆ ಶುಕ್ರವಾರ ಬೆಳಿಗ್ಗೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಆಯಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ಹುಣಸೂರು ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆ ಅದು. ನಾನು ಥಿಯೇಟರ್ ನರ್ಸ್. ಕತ್ತರಿ, ಬಟ್ಟೆಗಳನ್ನು ಡ್ರಮ್ಮಿಗೆ ತುಂಬಿ ಹಬೆಯಲ್ಲಿ ಶುದ್ಧ ಮಾಡಿ ಕೊಡುವುದು ಆಯಮ್ಮನ ಕೆಲಸ.

“ಸಿಸ್ಟ್ರೇ, ನಡುವೆ ಕರೆಂಟ್ ಓಗಿತ್ತು. ಟೇಪು ಕಪ್ಪಾಗಿಲ್ಲ ಕಣವ್ವಾ. ಇನ್ನೊಂದ್ಸಲ ಇಟ್ಬುಡ್ಲಾ?”

ಡ್ರಮ್ಮಿಗೆ ಅಂಟಿಸುವ ಆ ಟೇಪಿನ ಗೆರೆಗಳು ಹಬೆ ಸರಿಯಾಗಿ ತಾಗಿದರೆ ಕಪ್ಪಾಗಬೇಕು. ಅವು ಬೂದು ಬಣ್ಣಕ್ಕೇ ನಿಂತಿದ್ದವು. ನನಗೂ ಕಂಡಿತು, ನಾನೇನು ಕುರುಡಿಯಲ್ಲ.

ಇನ್ನೊಂದು ಸಲ ಇಟ್ಟರೆ ಮುಕ್ಕಾಲು ಗಂಟೆ ಬೇಕು. ಗಡಿಯಾರ ಹತ್ತರ ಹತ್ತಿರ ಬಂದಿತ್ತು, ಹತ್ತೂವರೆಗೆ ರಾಹುಕಾಲ. ಒಳಗೆ ಮಲಗಿದ್ದವಳು ಚೊಚ್ಚಲ ಬಸುರಿ. ಮಗು ರಾಹುಕಾಲಕ್ಕೆ ಮೊದಲೇ ಹುಟ್ಟಬೇಕೆಂದು ಮನೆಯವರು ಜೋಯಿಸರ ಹತ್ತಿರ ಗಳಿಗೆ ಬರೆಸಿಕೊಂಡು ಬಂದಿದ್ದರು. ಡಾಕ್ಟರು ಒಪ್ಪಿ ಸಿಸೇರಿಯನ್‌ಗೆ ಕೈ ತೊಳೆದು ನಿಂತಿದ್ದರು. ಹಿಂದಿನ ವಾರವಷ್ಟೇ ಒಂದು ಇಂಜೆಕ್ಷನ್ ಬಗ್ಗೆ ಅನುಮಾನ ಹೇಳಿದ್ದಕ್ಕೆ, “ಇಲ್ಲಿ ಡಾಕ್ಟರು ನೀನೋ ನಾನೋ?” ಎಂದು ಎಲ್ಲರೆದುರು ನನ್ನ ಮಾನ ಕಳೆದಿದ್ದರು.

“ಏನಮ್ಮಾ ತಡ?” ಒಳಗಿನಿಂದ ಕೂಗಿದರು.

“ಏನಿಲ್ಲ ಸಾರ್,” ಅಂದೆ. ಆಯಮ್ಮನಿಗೆ, “ಟೇಪು ಹಳೇದು, ಬಿಡಿ,” ಅಂದೆ.

ಹತ್ತೂ ಇಪ್ಪತ್ತಕ್ಕೆ ಹೆಣ್ಣುಮಗು ಹುಟ್ಟಿತು. ಮನೆಯವರು ಮೈಸೂರು ಪಾಕ್ ಹಂಚಿದರು. ನಾನೂ ನಾಚಿಕೆಯಿಲ್ಲದೆ ತಿಂದೆ. ಮೂರನೆಯ ದಿನ ಬಾಣಂತಿಗೆ ಚಳಿಜ್ವರ ಬಂತು, ಹೊಲಿಗೆಯಲ್ಲಿ ಕೀವು. ಮೈಸೂರಿಗೆ ಕಳಿಸಿದೆವು. ಒಂಬತ್ತನೆಯ ದಿನ ತೀರಿಕೊಂಡಳು. ಡ್ರಮ್ಮೇ ಕಾರಣವೆಂದು ಯಾರೂ ಸಾಬೀತು ಮಾಡಲಿಲ್ಲ. ನನಗೆ ಸಾಬೀತು ಬೇಕಾಗಿರಲಿಲ್ಲ.

ಡಾಕ್ಟರು ನಮ್ಮೆಲ್ಲರನ್ನೂ ತಮ್ಮ ರೂಮಿಗೆ ಕರೆದರು. “ಹೆದರಬೇಡಿ. ಏನಾದರೂ ಗೊತ್ತಿದ್ದರೆ ಹೇಳಿ.” ಅಷ್ಟು ಮೃದುವಾಗಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೊನೆಗೆ ನನ್ನ ಬಾಯಿಂದ ಬಂದ ಮಾತು ಇಷ್ಟೇ: “ಡ್ರಮ್ ಇಳಿಸಿದ್ದು ಆಯಮ್ಮ, ಸಾರ್.”

ಸುಳ್ಳಲ್ಲ. ಆದರೆ ಅದಕ್ಕಿಂತ ಹೊಲಸು ಮಾತು ನಾನು ಜನ್ಮದಲ್ಲಿ ಆಡಿಲ್ಲ. ಆಯಮ್ಮ ನನ್ನನ್ನೇ ನೋಡುತ್ತ ನಿಂತಿದ್ದರು. ಮಾರನೆಯ ದಿನದಿಂದ ಅವರಿಗೆ ಕೆಲಸವಿಲ್ಲ.

ಈಗ ನಾನು ಬೇರೊಂದು ಆಸ್ಪತ್ರೆಯಲ್ಲಿ ಇನ್‌ಚಾರ್ಜ್. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತೇನೆ: ಕಣ್ಣಿಗೆ ಬಿದ್ದದ್ದನ್ನು ಹೇಳಿ, ಯಾರಾದರೂ ಬೈದರೆ ಆ ಬೈಗುಳ ನನಗಿರಲಿ. ಹುಡುಗಿಯರು ಒಳ್ಳೆಯ ಸಿಸ್ಟರ್ ಎಂದು ತಲೆಯಾಡಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ಮನಸ್ಸು ತಡೆಯದೆ ಹಾರನಹಳ್ಳಿ ಹತ್ತಿರದ ಆಯಮ್ಮನ ಊರಿಗೆ ಹೋದೆ. ಯಾರದೋ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂಲಿಗೆ ಕೂತು ಎಲೆ ಪೋಣಿಸುತ್ತಿದ್ದರು. ಬೆರಳೆಲ್ಲ ಅಂಟು, ಕಪ್ಪು. ಪಕ್ಕದಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡು ಅತ್ತುಬಿಟ್ಟೆ. ಬೈಯಲಿ ಎಂದೇ ಹೋಗಿದ್ದೆ. ಅವರು ಬೈಯಲಿಲ್ಲ.

“ಅವತ್ತು ರೂಮ್ನಾಗೆ ನೀವೇ ಏಳ್ತೀರಿ ಅಂತ ಕಾಯ್ತಿದ್ದೆ ಕಣವ್ವಾ,” ಅಂದರು. “ಓದಿರೋರ ಮಾತು ನಡೀತದೆ ಅಂತ. ಕೆಲ್ಸ ಓಯ್ತು, ಓಗ್ಲಿ ಬುಡಿ. ಆ ಬಾಗ್ಲಲ್ಲಿ ನಿಮ್ಗೆ ಏಳಿ ಸುಮ್ಕಾಗ್ಬುಟ್ಟೆ. ನಿಮ್ಮುನ್ನ ದಾಟ್ಕಂಡು ಒಳೀಕೋಗಿ ಡಾಕ್ಟ್ರಿಗೇ ಏಳಿದ್ರೆ ಆ ಮಗೀಗೆ ಅವ್ವ ಇರ್ತಿದ್ಲು.”