ಸೈನಿಕನ ಪಕ್ಕ ಬೆಕ್ಕಿನ ಮರಿ ಇಡುವ ಗೋಂದಕ್ಕ

ಬೆಳಗಿನ ಆರೂವರೆ. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಗೋಂದಕ್ಕ ಹರಿದ ಪುಸ್ತಕದ ಬೆನ್ನು ಹೊಲಿಯುತ್ತಿದ್ದಾರೆ. ನಾಲ್ಕು ಹೊಲಿಗೆಗೊಮ್ಮೆ ಎದ್ದು ಕಿಟಕಿಗೆ ಹೋಗಿ ಬರುತ್ತಾರೆ. ಇವತ್ತು ಅವರ ಕಾಲಿಗೆ ಚಕ್ರ ಕಟ್ಟಿದಂತಿದೆ. ಹನ್ನೊಂದಕ್ಕೆ ರದ್ದಿ ಲಾರಿ ಬರುತ್ತದೆ. ಐದು ವರ್ಷ ಯಾರೂ ಒಯ್ಯದ ಪುಸ್ತಕಗಳೆಲ್ಲ ಅದರಲ್ಲಿ ಹೋಗುತ್ತವೆ. ಆ ರಾಶಿಯಲ್ಲಿ ಇಪ್ಪತ್ನಾಲ್ಕು ಪುಟದ ಮಕ್ಕಳ ಕಥೆಯೊಂದಿದೆ. ಅದರಲ್ಲಿ ಇದ್ದಿಲ ರಾಶಿಗೆ ಬಿದ್ದು ಮೈಯೆಲ್ಲ ಕಪ್ಪಾದ ಬೆಕ್ಕಿನ ಮರಿ ಮನೆಗೆ ಬಂದರೆ, ಹೆತ್ತ ತಾಯಿಯೇ ಗುರ್ರೆನ್ನುತ್ತದೆ.

ಗೋಂದಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಮೂವತ್ತೊಂದು ವರ್ಷದಿಂದ ದಿನಕ್ಕೆ ಹದಿನೆಂಟು ಪುಸ್ತಕ ರಿಪೇರಿ. ಗೋಂದು ಒಣಗುವಷ್ಟು ಹೊತ್ತು ಓದು. ಎರಡು ಪುಸ್ತಕಗಳಲ್ಲಿ ಒಂದೇ ಸಂಕಟ ಕಂಡರೆ, ಒಂದರ ಕೊನೆಗೆ ಇನ್ನೊಂದರ ಹೆಸರು ಬರೆದ ಚೀಟಿ ಅಂಟಿಸುತ್ತಾರೆ. ಬೆಕ್ಕಿನ ಕಥೆಯ ಚೀಟಿ, ಯುದ್ಧದಿಂದ ಮನೆಗೆ ಮರಳುವ ಸೈನಿಕನ ಏಳುನೂರು ಪುಟದ ಕಾದಂಬರಿಯಲ್ಲಿದೆ.

"ಅದಕ್ಕೂ ಇದಕ್ಕೂ ಅಜಗಜಾಂತರ," ಎಂದು ಗ್ರಂಥಪಾಲಕಿ ನಗುತ್ತಾರೆ.

"ಸೈನಿಕ ಬಾಗಿಲು ತಟ್ತಾನೆ, ಮರಿ ಬಾಗಿಲು ಕೆರೆಯುತ್ತೆ. ಒಳಗಿರೋ ತಾಯಿ ಇಬ್ರಿಗೂ 'ಯಾರದು' ಅಂತಾಳೆ. ಇನ್ನೇನು ಬೇಕು ಮೇಡಂ?"

ಈ ಹಟ ಸುಮ್ಮನೆ ಬಂದಿದ್ದಲ್ಲ. "ನಮ್ಮನೆಯವ್ರು ದುಡಿಯೋಕೆ ಅಂತ ಹೋಗಿ ನಾಲ್ಕು ವರ್ಷಕ್ಕೆ ವಾಪಸ್ ಬಂದ್ರು. ಮಗಳು ಬಾಗಿಲು ತೆಗೆದು, 'ಅಮ್ಮಾ, ಯಾರೋ ಮಾಮ ಬಂದಿದಾರೆ' ಅಂದ್ಲು. ಅವ್ರು ಹೊರಗೇ ಕೂತ್ಬಿಟ್ರು. ಚಪ್ಪಲೀನೂ ಬಿಡ್ಲಿಲ್ಲ."

ಹಾಗಾದರೆ ಬೆಕ್ಕಿನ ಪುಸ್ತಕವನ್ನು ನೀವೇ ಮನೆಗೆ ಒಯ್ಯಬಹುದಲ್ಲ ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ.

"ನಮ್ಮನೇಲಿ ಅದಕ್ಕೇನು ಕೆಲಸ? ಅದು ಸೈನಿಕನ ಪಕ್ಕದಲ್ಲೇ ಇರ್ಬೇಕು."

ಹತ್ತೂವರೆಗೆ ಯೂನಿಫಾರ್ಮ್ ತೊಟ್ಟ ಬಸ್ ಡ್ರೈವರ್ ಒಬ್ಬರು ಅದೇ ಯುದ್ಧದ ಕಾದಂಬರಿ ಹಿಂದಿರುಗಿಸಲು ಬರುತ್ತಾರೆ. ಮುಖ ಗಂಟು ಹಾಕಿಕೊಂಡೇ, "ಈ ಚೀಟಿ ಬರೆದವ್ರು ಯಾರು?" ಎನ್ನುತ್ತಾರೆ. ಗೋಂದಕ್ಕ ರಾಶಿಯಿಂದ ಬೆಕ್ಕಿನ ಕಥೆಯನ್ನು ಎಳೆದು ಕೈಗಿಡುತ್ತಾರೆ. ಡ್ಯೂಟಿಗೆ ತಡವಾಗುತ್ತಿದ್ದರೂ ಅವರು ನಿಂತಲ್ಲೇ ಓದುತ್ತಾರೆ. ಹನ್ನೊಂದಾಗುವ ಮೊದಲೇ ಲಾರಿ ಬಾಗಿಲಿಗೆ ಬಂದಿದೆ.

"ತಪ್ಪು ಬರ್ದಿದೀರಮ್ಮ. ಇದರಲ್ಲಿ ತಾಯಿ ಕೊನೆಗೆ ಮರೀನ ಮೂಸಿ ಗುರುತು ಹಿಡಿಯುತ್ತೆ. ಸೈನಿಕನ ತಾಯಿ ಹಿಡಿಯೋದೇ ಇಲ್ಲ. ಎರಡೂ ಒಂದೇ ಹೇಗಾಗುತ್ತೆ? ಮನೇಲಿ ಮಗಳಿಗೂ ಓದಿ ಕೇಳ್ತೀನಿ, ಏನಂತಾಳೋ ನೋಡೋಣ."

ಇಷ್ಟು ವರ್ಷದಲ್ಲಿ ಚೀಟಿಗಾಗಿ ಜಗಳಕ್ಕೆ ನಿಂತ ಮೊದಲ ಓದುಗ ಇವರು. ಗೋಂದಕ್ಕನ ಕಣ್ಣು ತುಂಬಿದೆ.

"ಅದಕ್ಕೇ ಅಲ್ವಾ ಸ್ವಾಮಿ, ಎರಡೂ ಇರ್ಬೇಕು ಅನ್ನೋದು," ಎನ್ನುತ್ತಾ ಅವರು ಬೆಕ್ಕಿನ ಕಥೆಗೆ ಒತ್ತಲು ತಾರೀಖಿನ ಮುದ್ರೆಯನ್ನು ಗ್ರಂಥಪಾಲಕಿಯ ಮುಂದಕ್ಕೆ ತಳ್ಳುತ್ತಾರೆ.